ಸ್ಕ್ರೂ ಮಷಿನ್‌ಗೆ ಸೌದೆ ಕೊಡುವ ಮೊದಲು

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಒಲೆ ಆರುವುದೇ ಇಲ್ಲ. ಸುಲಿದ ಹಸಿ ಅಡಿಕೆ ಬೇಯಿಸುವ ದೊಡ್ಡ ಹಂಡೆ ಒಂದು ಕಡೆ, ಬಚ್ಚಲೊಲೆ ಇನ್ನೊಂದು ಕಡೆ. ಬೇಸಿಗೆಯಲ್ಲೇ ಸೌದೆ ಒಡೆದು ಕೊಟ್ಟಿಗೆ ತುಂಬಿಸಿಕೊಳ್ಳದಿದ್ದರೆ, ನವೆಂಬರ್‌ನಲ್ಲಿ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಗಾಗುತ್ತದೆ. ಮೊದಲೆಲ್ಲ ಕೊಡಲಿ ಹಿಡಿದು ಬರುವವರು ಸಿಗುತ್ತಿದ್ದರು. ಈಗ ಹೇಳಿ ಕಳಿಸಿದರೂ ಬರುವವರಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಮೊಬೈಲ್‌ನಲ್ಲಿ ಓಡಾಡುವ, ಸೌದೆ ಒಡೆಯುವ ಸ್ಕ್ರೂ ಮಷಿನ್‌ನ ವಿಡಿಯೋಗಳ ಮೇಲೆ. ಗಿರ್ರೆಂದು ತಿರುಗುವ ಕಬ್ಬಿಣದ ಕೋನ್, ಅದಕ್ಕೆ ದಿಮ್ಮಿ ತಾಗಿಸಿದರೆ ಚಟ್ ಅಂತ ಎರಡು ಹೋಳು. ನೋಡಿದವರಿಗೆ ಆಸೆ ಆಗದೇ ಇರುತ್ತಾ?

ನನಗೂ ಆಯಿತು. ಒಂದನ್ನು ತಂದು ನಾಲ್ಕು ಬೇಸಿಗೆ ಕೆಲಸ ಮಾಡಿದ್ದೇನೆ. ಅದು ಒಳ್ಳೆಯ ಯಂತ್ರವೋ ಕೆಟ್ಟದ್ದೋ ಅಂತ ಕೇಳಿದರೆ, ಅವಸರದ ಯಂತ್ರ ಅನ್ನುತ್ತೇನೆ. ಕೊಡಲಿ ನೀವು ಎತ್ತಿದರೆ ಮಾತ್ರ ಬೀಳುತ್ತದೆ. ಗರಗಸಕ್ಕೆ ನೀವು ಮರ ತಳ್ಳಬೇಕು. ಈ ಸ್ಕ್ರೂ ಹಾಗಲ್ಲ. ತುದಿ ಒಮ್ಮೆ ಕಚ್ಚಿತು ಅಂದ್ರೆ ಮುಂದಿನದನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಕಚ್ಚಿದ್ದು ಮರವೋ ಅಂಗಿಯ ತೋಳೋ ಅಂತ ಅದು ನೋಡುವುದಿಲ್ಲ. ಕೆಳಗೆ ನಾನು ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಗುಣದಿಂದಲೇ ಹುಟ್ಟಿದವು.

ಇದು ಕೆಲಸ ಮಾಡುವ ಬಗೆ

ಮೊನಚಾದ ತುದಿ, ಹಿಂದೆ ಹೋದಂತೆ ದಪ್ಪವಾಗುವ ಕೋನ್, ಮೈತುಂಬ ಥ್ರೆಡ್, ಅಂದರೆ ಸ್ಕ್ರೂವಿನ ಸುರುಳಿ ಏಣು. ತುದಿ ಮರದೊಳಗೆ ಕೊರೆದುಕೊಂಡು ಹೋಗುತ್ತದೆ, ಹಿಂದಿನ ದಪ್ಪ ಭಾಗ ಬೆಣೆಯ ಕೆಲಸ ಮಾಡುತ್ತದೆ. ನಾವು ಕೊಡಲಿಯಲ್ಲಿ ಒಡೆಯುವಾಗ ದಿಮ್ಮಿಯ ತಲೆಗೆ, ಅಂದರೆ ಕೊಯ್ದ ಮುಖಕ್ಕೆ ಹೊಡೆಯುತ್ತೇವಲ್ಲ? ಇಲ್ಲಿ ತಿರುಗಾ ಮುರುಗಾ. ಸ್ಕ್ರೂ ಹೋಗಬೇಕಾದದ್ದು ತೊಗಟೆಯ ಕಡೆಯಿಂದ, ಪಕ್ಕಕ್ಕೆ. ಅಲ್ಲಿ ಥ್ರೆಡ್‌ಗೆ ಮರದ ಎಳೆ ಅಡ್ಡಲಾಗಿ ಸಿಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ, ದಿಮ್ಮಿ ಉದ್ದಕ್ಕೆ ಸೀಳುತ್ತದೆ. ಕೊಯ್ದ ಮುಖಕ್ಕೆ ಕೊಟ್ಟರೆ ಎಳೆಗಳು ಹಿಟ್ಟಾಗಿ ಉದುರಿ, ಸ್ಕ್ರೂ ಸುಮ್ನೆ ಜಾಗದಲ್ಲೇ ತಿರುಗುತ್ತಿರುತ್ತದೆ.

ಈ ಉಪಾಯ ಹೊಸದೇನಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಜನ ಮತ್ತೆ ಸೌದೆಗೆ ಹೋದರು. ಆ ಕಾಲದಲ್ಲಿ ಸ್ಟಿಕ್ಲರ್, ಯೂನಿಕಾರ್ನ್ ಎಂಬ ಹೆಸರಿನ ಕೋನ್‌ಗಳು ಮಾರಾಟಕ್ಕಿದ್ದವು. ಕಾರಿನ ಹಿಂದಿನ ಒಂದು ಚಕ್ರ ಬಿಚ್ಚಿ, ಆ ಜಾಗಕ್ಕೆ ಕೋನ್ ಬಿಗಿದು, ಜಾಕ್ ಮೇಲೆ ನಿಲ್ಲಿಸಿ, ಗೇರ್ ಹಾಕಿ ಬಿಡುವುದು! ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಯುರೋಪಿನಲ್ಲಿ ಈ ಜಾತಿಯ ಯಂತ್ರಕ್ಕೆಂದೇ ಇಎನ್ 609-2 ಎಂಬ ಪ್ರತ್ಯೇಕ ಸುರಕ್ಷತಾ ಮಾನದಂಡ 1999ರಲ್ಲಿ ಬಂತು. ಬೆಣೆಯಿಂದ ಸೀಳುವ ಯಂತ್ರಗಳಿಗೆ ಬೇರೆ ಭಾಗ, ಸ್ಕ್ರೂಗೆ ಬೇರೆ ಭಾಗ.

ಒಂದು ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ 3 ಎಚ್‌ಪಿ ಮೋಟರ್ ಇರುತ್ತದೆ, ನಿಮಿಷಕ್ಕೆ 1440 ಸುತ್ತು. ಮೋಟರ್‌ಗೆ 3 ಇಂಚಿನ ಪುಲ್ಲಿ, ಕೋನ್ ಕೂತಿರುವ ಶಾಫ್ಟಿಗೆ 12 ಇಂಚಿನ ಪುಲ್ಲಿ ಇದ್ದರೆ ಕೋನ್ ನಿಮಿಷಕ್ಕೆ 360 ಸುತ್ತು ತಿರುಗುತ್ತದೆ. ಸೆಕೆಂಡಿಗೆ 6 ಸುತ್ತು. ಏನೋ ಸಿಕ್ಕಿಕೊಂಡಿತು ಅಂತ ತಲೆಗೆ ಹೊಳೆದು ಕೈ ಹಿಂದೆ ಬರಲು ಅರ್ಧ ಸೆಕೆಂಡು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ 3 ಸುತ್ತು ಮುಗಿದಿರುತ್ತದೆ. ಕೋನ್‌ನ ದಪ್ಪ ಭಾಗ 8 ಸೆಂಟಿಮೀಟರ್ ಇದ್ದರೆ, 3 ಸುತ್ತಿಗೆ ಮುಕ್ಕಾಲು ಮೀಟರ್ ಬಟ್ಟೆ ಒಳಗೆ. ನಿಮ್ಮ ಮಣಿಕಟ್ಟಿನಿಂದ ಭುಜದವರೆಗೆ ಅಳೆದು ನೋಡಿ, ಅಷ್ಟುದ್ದ ಇರುವುದಿಲ್ಲ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಪಕ್ಕದ ಮನೆಯಲ್ಲಿ ಒಮ್ಮೆ ಸೌದೆ ಒಡೆಯುವಾಗ ನಾನು ಚಹಾ ಕುಡಿಯುತ್ತ ಜಗಲಿಯಲ್ಲಿ ಕೂತಿದ್ದೆ. ದಿಮ್ಮಿ ಕೊಡುತ್ತಿದ್ದವರು ಒಡೆದ ಹೋಳು ತೆಗೆಯಲು ಬಗ್ಗಿದರು. ಹೆಗಲ ಮೇಲಿನ ಟವೆಲ್ ಜಾರಿತು. ಟವೆಲ್ ಹೋದದ್ದು ನನಗೆ ಕಾಣಲೇ ಇಲ್ಲ. ಕಂಡದ್ದು ಕೋನ್ ಮೇಲೆ ನೂಲಿನ ಉಂಡೆಯಂತೆ ಸುತ್ತಿಕೊಂಡ ಕೆಂಪು ಬಟ್ಟೆ ಮಾತ್ರ. "ಅಯ್ಯೋ, ಆಫ್ ಮಾಡೋ ಮಾರಾಯಾ" ಅಂತ ಯಾರೋ ಕೂಗಿದರು. ಸ್ವಿಚ್ ಇದ್ದದ್ದು ಕೊಟ್ಟಿಗೆಯ ಗೋಡೆಯಲ್ಲಿ. ಆಮೇಲೆ ಆ ಬಟ್ಟೆಯನ್ನು ಚೂರಿಯಲ್ಲಿ ಕೊಯ್ದು ಕೊಯ್ದು ಬಿಡಿಸಲು ಕಾಲು ಗಂಟೆ ಹಿಡಿಯಿತು. ಟವೆಲ್ ಹೆಗಲ ಮೇಲೆ ಸುಮ್ನೆ ಹಾಕಿದ್ದರಿಂದ ಬಚಾವ್. ಕುತ್ತಿಗೆಗೆ ಸುತ್ತಿಕೊಳ್ಳುವ ಅಭ್ಯಾಸ ಎಷ್ಟು ಜನಕ್ಕಿಲ್ಲ ಹೇಳಿ?

ಕೊಳ್ಳುವಾಗ ನೋಡಬೇಕಾದ್ದು

ಈ ಯಂತ್ರ ನಾಲ್ಕೈದು ರೂಪದಲ್ಲಿ ಸಿಗುತ್ತದೆ. ಮೇಜಿನಂಥ ಚೌಕಟ್ಟು, ಕೆಳಗೆ ಮೋಟರ್, ಮೇಲೆ ಅಡ್ಡಲಾಗಿ ಕೋನ್ ಇರುವುದು ಎಲ್ಲಕ್ಕಿಂತ ಜಾಸ್ತಿ. ಟ್ರ್ಯಾಕ್ಟರ್‌ನ ಪಿಟಿಒಗೆ, ಅಂದರೆ ಬೇರೆ ಯಂತ್ರ ಓಡಿಸಲು ಹಿಂದೆ ಇರುವ ತಿರುಗುವ ಶಾಫ್ಟಿಗೆ ಹಾಕುವ ಕೋನ್ ಇದೆ. ಅದನ್ನು ನಾನು ಬೇಡ ಅನ್ನುತ್ತೇನೆ. ಪಿಟಿಒ ನಿಮಿಷಕ್ಕೆ 540 ಸುತ್ತಿನ ಲೆಕ್ಕದ್ದು, ಬಲ ವಿಪರೀತ, ನಿಲ್ಲಿಸುವ ಲಿವರ್ ಡ್ರೈವರ್ ಸೀಟಿನ ಹತ್ತಿರ. ಸಿಕ್ಕಿಕೊಂಡವರು ಅಲ್ಲಿಗೆ ಕೈ ಚಾಚುವುದು ಹೇಗೆ? ಕೈ ಡ್ರಿಲ್ಲಿಗೆ ಹಾಕುವ ಪುಟ್ಟ ಕೋನ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಒಲೆ ಹಚ್ಚಲು ಚಕ್ಕೆ ಮಾಡಿಕೊಳ್ಳೋಕೆ ಪರವಾಗಿಲ್ಲ. ದೊಡ್ಡ ತುಂಡಿಗೆ ಹಾಕಿದರೆ ಮರದ ಬದಲು ಡ್ರಿಲ್ಲೇ ತಿರುಗಿ ಮಣಿಕಟ್ಟು ಉಳುಕುತ್ತದೆ. ಕೊನೆಯದು ಮಿನಿ ಎಕ್ಸ್‌ಕವೇಟರ್‌ನ ತೋಳಿಗೆ ಸಿಕ್ಕಿಸುವ ಹೈಡ್ರಾಲಿಕ್ ಕೋನ್. ಓಡಿಸುವವರು ಕ್ಯಾಬಿನ್ ಒಳಗಿರುತ್ತಾರೆ, ಕೈ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಕೋನ್‌ನಲ್ಲಿ ಒಡೆಯಲೇಬೇಕು, ಮರವೂ ತುಂಬ ಇದೆ ಅಂದರೆ ಅಂಥದ್ದನ್ನು ಬಾಡಿಗೆಗೆ ಹುಡುಕುವುದು ವಾಸಿ. ಸುತ್ತ ಯಾರೂ ನಿಲ್ಲದಂತೆ ನೋಡಿಕೊಂಡರಾಯಿತು.

ಎಲ್ಲಿ ಹುಡುಕೋದು? ಕೃಷಿ ಮೇಳಗಳು ಒಳ್ಳೆಯ ಜಾಗ, ಯಾಕಂದರೆ ಅಲ್ಲಿ ಓಡಿಸಿ ತೋರಿಸುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಮೇಳಕ್ಕೆ ಹೋದಾಗ ಸೌದೆಯ ಯಂತ್ರಗಳನ್ನೂ ಕೇಳಿ ನೋಡಿ. ಕೊಯಮತ್ತೂರು, ರಾಜ್‌ಕೋಟ್ ಕಡೆಯ ತಯಾರಕರು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ನಮ್ಮೂರಿನ ಲೇತ್ ಅಂಗಡಿಯಲ್ಲೂ ಮಾಡಿಸುವವರಿದ್ದಾರೆ. ಕೋನ್ ಕಡೆಯುವುದು ಲೇತ್‌ನವರಿಗೆ ದೊಡ್ಡ ವಿಷಯವಲ್ಲ. ಆದರೆ ಕವಚ, ತಡೆ, ಸ್ವಿಚ್ ಇವುಗಳ ಬಗ್ಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕೋನ್, ಮೋಟರ್, ನಾಲ್ಕು ಆ್ಯಂಗಲ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಇದು: ಯಂತ್ರ ಓಡಿಸಿ, ಆಫ್ ಮಾಡಿಸಿ, ಕೋನ್ ಪೂರ್ತಿ ನಿಲ್ಲುವವರೆಗೆ ಒಂದು, ಎರಡು ಅಂತ ಎಣಿಸಿ. ಭಾರದ ಫ್ಲೈವೀಲ್, ಅಂದರೆ ತಿರುಗುವ ವೇಗ ಹಿಡಿದಿಟ್ಟುಕೊಳ್ಳುವ ಚಕ್ರ ಇದ್ದರೆ ಆಫ್ ಮಾಡಿದ ಮೇಲೂ ತಿರುಗುತ್ತಲೇ ಇರುತ್ತದೆ. ಒಂದು ಕಡೆ ನಾನು 14ರವರೆಗೆ ಎಣಿಸಿದೆ. "ಅದೇ ಸಾರ್ ಇದರ ಪವರ್ರು" ಅಂದರು ಅಂಗಡಿಯವರು. ಪವರ್ರು ಹೌದು, ಆದರೆ ಆ 14 ಸೆಕೆಂಡು ಸ್ವಿಚ್ ಇದ್ದರೂ ಇಲ್ಲದ ಹಾಗೇ ಅಲ್ವಾ? ಬ್ರೇಕ್ ಇರುವ ಮೋಟರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಎರಡನೆಯದು ಸ್ವಿಚ್. ಕಾಲಲ್ಲಿ ಒತ್ತಿ ಹಿಡಿದರೆ ಮಾತ್ರ ಓಡುವ, ಕಾಲು ತೆಗೆದರೆ ನಿಲ್ಲುವ ಪೆಡಲ್ ಬೇಕು. ಅದರ ಜೊತೆಗೆ ತೊಡೆಯಲ್ಲೋ ಮೊಣಕಾಲಲ್ಲೋ ತಳ್ಳಿದರೆ ಸಾಕು ನಿಲ್ಲುವಂಥ ದೊಡ್ಡ ಕೆಂಪು ಗುಂಡಿ. ಕೈ ಸಿಕ್ಕಿಕೊಂಡವರಿಗೆ ಕೈಯಿಂದ ಒತ್ತುವ ಸ್ವಿಚ್ ಯಾತಕ್ಕೆ ಬಂತು?

ಮೂರನೆಯದು ಮರ ತಿರುಗದಂತೆ ತಡೆ. ಇದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. 3 ಎಚ್‌ಪಿ ಮೋಟರ್ 360 ಸುತ್ತಿನಲ್ಲಿ ಕೊಡುವ ತಿರುಚುವ ಬಲ ಸುಮಾರು 58 ನ್ಯೂಟನ್ ಮೀಟರ್. ಕೋನ್‌ನಿಂದ 20 ಸೆಂಟಿಮೀಟರ್ ದೂರದಲ್ಲಿ ದಿಮ್ಮಿ ಹಿಡಿದರೆ, ಅದನ್ನು ತಿರುಗದಂತೆ ನಿಲ್ಲಿಸಲು 30 ಕೆಜಿಯಷ್ಟು ಬಲ ಬೇಕು. ಫ್ಲೈವೀಲ್ ಇದ್ದರೆ ಆ ಗಳಿಗೆಗೆ ಇನ್ನೂ ಜಾಸ್ತಿ. ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ ಅನ್ನುವ ಮಾತು ನಡೆಯುವುದಿಲ್ಲ. ಆದ್ದರಿಂದ ಕೋನ್ ಕೆಳಗೆ ಅಗಲವಾದ ಗಟ್ಟಿ ಮೇಜು ಇರಬೇಕು. ಕೋನ್‌ನ ಬುಡದಲ್ಲಿ ಮೇಜಿಗೇ ಬೆಸೆದ ಒಂದು ಬೆಣೆ ಇದ್ದರೆ ಬಲು ಒಳ್ಳೆಯದು. ಬಿರುಕು ಬಿಟ್ಟ ಕೂಡಲೇ ಆ ಬೆಣೆ ಬಿರುಕಿನೊಳಗೆ ಹೊಕ್ಕು ದಿಮ್ಮಿಯನ್ನು ತಿರುಗಲು ಬಿಡುವುದಿಲ್ಲ.

ಹಳೆಯ ಯಂತ್ರ ಕೊಳ್ಳುವವರು ಕೋನ್ ಹಿಡಿದು ಅಲ್ಲಾಡಿಸಿ ನೋಡಿ. ಕರೆಂಟು ತೆಗೆದ ಮೇಲೆ, ಹೇಳಬೇಕಾಗಿಲ್ಲ ತಾನೆ? ಲಟಪಟ ಅಂದರೆ ಬೇರಿಂಗ್ ಹೋಗಿದೆ. ತುದಿಯನ್ನು ಬೇರೆಯಾಗಿ ಬಿಚ್ಚಿ ಬದಲಿಸುವಂತಿದ್ದರೆ ಖರ್ಚು ಕಡಿಮೆ, ಯಾಕಂದರೆ ಸವೆಯುವುದು ತುದಿಯೇ. ಬೆಲ್ಟಿಗೆ ಕವಚ ಇಲ್ಲದ್ದನ್ನು ತರಲೇಬೇಡಿ.

ಇಷ್ಟೆಲ್ಲ ಇರುವ ಸ್ಕ್ರೂ ಯಂತ್ರ ಸಿಗಲಿಲ್ಲವಾ? ಹೈಡ್ರಾಲಿಕ್ ತೆಗೆದುಕೊಳ್ಳಿ. ನಿಧಾನ ನಿಜ. ಆದರೆ ಬೆಣೆ ಮೆಲ್ಲಗೆ ಬರುತ್ತದೆ, ಸರಿಯಾದ ಯಂತ್ರದಲ್ಲಿ ಎರಡೂ ಕೈ ಲಿವರ್ ಮೇಲಿದ್ದರೆ ಮಾತ್ರ ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇವತ್ತು ಹೊಸದಾಗಿ ಕೊಳ್ಳುವುದಾದರೆ ನಾನೂ ಅದನ್ನೇ ತರುತ್ತಿದ್ದೆ. ಬರೀ ಬಚ್ಚಲೊಲೆಗೆ ಸಾಕಾಗುವಷ್ಟು ಸೌದೆ ಬೇಕಾದವರಿಗೆ ಯಂತ್ರವೇ ಬೇಡ. ಹಳೇ ಟೈರ್ ಒಳಗೆ ದಿಮ್ಮಿ ನಿಲ್ಲಿಸಿ ಕೊಡಲಿಯಲ್ಲಿ ಒಡೆದರೆ ಹೋಳುಗಳು ಚದುರುವುದೂ ಇಲ್ಲ.

ಜಾಗ ಮತ್ತು ಕರೆಂಟು

ಗಟ್ಟಿ, ಸಮತಟ್ಟು ನೆಲ ಬೇಕು. ಅಂಗಳದ ಸಗಣಿ ಸಾರಿಸಿದ ನೆಲ ಒದ್ದೆಯಾದರೆ ಕಾಲು ಜಾರುತ್ತದೆ. ಜಾರಿದವರು ಆಧಾರಕ್ಕೆ ಕೈ ಚಾಚುವುದು ಎದುರಿಗಿದ್ದದ್ದಕ್ಕೇ. ಹಾಗಾಗಿ ಮಳೆ ಹನಿಯುವಾಗ ಕೆಲಸ ಬೇಡ. ಯಂತ್ರದ ಸುತ್ತ ಎರಡು ಮಾರು ಜಾಗ ಖಾಲಿ ಇರಲಿ. ಒಡೆದ ಹೋಳುಗಳನ್ನು ಕಾಲ ಬುಡದಲ್ಲೇ ರಾಶಿ ಹಾಕಬೇಡಿ, ಹತ್ತು ದಿಮ್ಮಿಗೊಮ್ಮೆ ನಿಲ್ಲಿಸಿ ತೆಗೆಯಿರಿ.

3 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಸುಮಾರು 14 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಟಿವಿಯ ಪ್ಲಗ್ಗಿಗೆ ಸಿಕ್ಕಿಸುವ ಮಾತಲ್ಲ. ಬೇರೆಯೇ ಲೈನ್, ತಕ್ಕ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್), ಗಟ್ಟಿ ಅರ್ಥಿಂಗ್ ಮಾಡಿಸಿ. ಸಂಜೆ ವೋಲ್ಟೇಜ್ ಬಿದ್ದಾಗ ಮೋಟರ್ ಗುಂಯ್ ಅಂತ ನಿಂತುಬಿಡುತ್ತದೆ, ಹಾಗೇ ಬಿಟ್ಟರೆ ಸುಟ್ಟು ಹೋಗುತ್ತದೆ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೆಲಸದ ನಡುವೆ ಕರೆಂಟು ಹೋಯಿತು, ನೀವು ಸಿಕ್ಕಿಕೊಂಡ ದಿಮ್ಮಿ ಬಿಡಿಸುತ್ತಿದ್ದೀರಿ, ಅಷ್ಟರಲ್ಲಿ ಕರೆಂಟು ಬಂತು. ನಮ್ಮೂರುಗಳಲ್ಲಿ ಇದು ದಿನನಿತ್ಯದ ಕಥೆ. ಕರೆಂಟು ಬಂದರೂ ತಾನಾಗಿ ಶುರುವಾಗದ, ಮತ್ತೆ ಹಸಿರು ಗುಂಡಿ ಒತ್ತಲೇಬೇಕಾದ ಸ್ಟಾರ್ಟರ್ ಹಾಕಿಸಿಕೊಳ್ಳಿ.

ಮೈಮೇಲೆ

ಲುಂಗಿ, ಪಂಚೆ, ಸೆರಗು, ದುಪಟ್ಟಾ, ಟವೆಲ್, ಮಫ್ಲರ್ ಯಾವುದೂ ಬೇಡ. ಕೈಯ ಕಾಶಿದಾರ, ಬಳೆ, ವಾಚು, ಉಂಗುರ ತೆಗೆದಿಡಿ. ಕುತ್ತಿಗೆಯ ಸರವನ್ನು ಅಂಗಿಯ ಒಳಗೆ ಹಾಕಿದರೆ ಸಾಲದು, ಬಗ್ಗಿದಾಗ ಹೊರಗೆ ಬರುತ್ತದೆ. ಉದ್ದ ಕೂದಲು ಮೇಲೆ ಕಟ್ಟಿ ಟೋಪಿ ಹಾಕಿ. ಇಯರ್‌ಫೋನ್ ವೈರ್ ಕೂಡ ಬೇಡ. ಮೈಗೆ ಅಂಟಿದ ಅಂಗಿ, ಪ್ಯಾಂಟು, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಇಷ್ಟೇ ಸಾಕು.

ಇನ್ನು ಕೈಗವಸು. ಸಿಬಿರು ಚುಚ್ಚುತ್ತದೆ ಅಂತ ಎಲ್ಲರೂ ಹಾಕಿಕೊಳ್ಳುತ್ತಾರೆ. ನನ್ನ ಮಾತು ಕೇಳುವುದಾದರೆ, ದಿಮ್ಮಿ ಹೊರುವಾಗ ಹಾಕಿ, ಕೋನ್ ಹತ್ತಿರ ಹೋಗುವಾಗ ಬಿಚ್ಚಿ. ಸಡಿಲ ಗ್ಲೌಸ್‌ನ ಒಂದು ಎಳೆ ಥ್ರೆಡ್‌ಗೆ ಸಿಕ್ಕಿದರೆ ಬೆರಳನ್ನೂ ಕರೆದುಕೊಂಡು ಹೋಗುತ್ತದೆ. ಸಿಬಿರನ್ನು ಸೂಜಿಯಲ್ಲಿ ತೆಗೆಯಬಹುದು.

ಒಡೆಯುವುದು

ಮರ ಆರಿಸುವುದರಿಂದ ಶುರು. ಒಂದೂವರೆ ಅಡಿ ಉದ್ದಕ್ಕೆ, ಎರಡೂ ಮುಖ ನೇರವಾಗಿ ಬರುವಂತೆ ಕೊಯ್ಸಿ. ಓರೆಯಾಗಿ ಕೊಯ್ದ ದಿಮ್ಮಿ ಮೇಜಿನ ಮೇಲೆ ಕೂರುವುದಿಲ್ಲ, ಕೂರದ್ದು ತಿರುಗುತ್ತದೆ. ನೇರ ಎಳೆಯ ಅಕೇಶಿಯಾ, ಸಿಲ್ವರ್ ಓಕ್ ಸಲೀಸು. ನೀಲಗಿರಿ ತಿರುಚಿಕೊಂಡು ಬೆಳೆದಿದ್ದರೆ ನಾರು ಬಿಡದೆ ಜಗ್ಗಾಡುತ್ತದೆ. ಹುಣಸೆ, ಕವಲಿರುವ ಮಾವಿನ ತುಂಡು, ಗಂಟುಗಂಟಿನ ಬುಡ ಇವನ್ನು ಪಕ್ಕಕ್ಕಿಡಿ. ತೆಂಗಿನ ಕಾಂಡ ಬೇಡವೇ ಬೇಡ, ಬರೀ ನಾರು, ಕೋನ್‌ಗೆ ಸುತ್ತಿಕೊಳ್ಳುತ್ತದೆ. ಬೇಲಿ ಸಾಲಿನ ಮರವಾದರೆ ತೊಗಟೆ ಕೆತ್ತಿ ನೋಡಿ, ಎಷ್ಟೋ ವರ್ಷದ ಹಿಂದೆ ಹೊಡೆದ ಮೊಳೆಯೋ ತಂತಿಯೋ ಮರದ ಹೊಟ್ಟೆಯಲ್ಲಿ ಕೂತಿರುತ್ತದೆ.

ಯಂತ್ರದ ಎದುರು ಒಬ್ಬರೇ. ಒಬ್ಬರು ಹಿಡಿಯುವುದು, ಇನ್ನೊಬ್ಬರು ಹೋಳು ಎಳೆಯುವುದು ನಮ್ಮಲ್ಲಿ ರೂಢಿ. ಅದನ್ನು ಬಿಡಿ. ಇಬ್ಬರಿದ್ದಾಗ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಎರಡನೆಯವರು ಮೇನ್ ಸ್ವಿಚ್ ಹತ್ತಿರ ನಿಲ್ಲಲಿ.

ದಿಮ್ಮಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಫ್ಯಾನಿನ ರೆಕ್ಕೆಯ ಹಾಗೆ ತಿರುಗಿ ಬಡಿಯುತ್ತದೆ. ಬಲಕ್ಕೆ ತಿರುಗಿಸಿದರೆ ಒಳಗೆ ಹೋಗುವ ಮಾಮೂಲಿ ಬಲಮುರಿ ಥ್ರೆಡ್ ಆದರೆ, ಎದುರಿಗೆ ನಿಂತ ನಿಮಗೆ ಕೋನ್ ಗಡಿಯಾರದ ಉಲ್ಟಾ ತಿರುಗುತ್ತಿರುವಂತೆ ಕಾಣುತ್ತದೆ. ಅಂದರೆ ದಿಮ್ಮಿಯ ತಲೆ ನಿಮ್ಮ ಎಡಕ್ಕೆ ವಾಲುತ್ತದೆ, ಬುಡದ ಎಡ ಅಂಚು ಮೇಜನ್ನು ಒತ್ತುತ್ತದೆ. ಮೇಜು ಎಡಗಡೆಗೆ ಚೆನ್ನಾಗಿ ಚಾಚಿರಲಿ, ನೀವು ಸ್ವಲ್ಪ ಬಲಕ್ಕೆ ನಿಲ್ಲಿ.

ಈಗ ಕೈ ಎಲ್ಲಿಡೋದು? ಇಲ್ಲಿ ಸ್ವಲ್ಪ ನಿಧಾನ. ತುದಿ ಹೊಕ್ಕು ಹೊರಗೆ ಬರುವುದು ನೇರ ಎದುರು ಬದಿಯಲ್ಲಿ. ಆರು ಇಂಚಿನ ದಿಮ್ಮಿ, ಎಂಟು ಇಂಚಿನ ಕೋನ್ ಇದ್ದರೆ, ನೀವು ಅಂಗೈ ಒತ್ತಿ ಹಿಡಿದ ಜಾಗದಲ್ಲೇ ತುದಿ ಇಣುಕುತ್ತದೆ. ಒಡೆಯದೆ ತೂರಿ ಬರುವ ಹಸಿ ಮರದಲ್ಲಿ ಇದು ಖಂಡಿತ. ಆದ್ದರಿಂದ ಅಂಗೈ ಯಾವತ್ತೂ ತುದಿಯ ನೇರಕ್ಕೆ ಬೇಡ. ದಿಮ್ಮಿಯ ನಿಮ್ಮ ಕಡೆಯ ಬದಿಯಲ್ಲಿ, ಮೇಲ್ಭಾಗದಲ್ಲಿ ಎರಡೂ ಅಂಗೈ ಚಪ್ಪಟೆಯಾಗಿ ಇಡಿ. ಬೆರಳು ಸುತ್ತಿ ತಬ್ಬಿ ಹಿಡಿಯಬೇಡಿ. ಮೆಲ್ಲಗೆ ತಳ್ಳಿ. ಮೊದಲು ತೊಗಟೆ ಕೆರೆಯುವ ಕರಕರ ಸದ್ದು, ಆಮೇಲೆ ಸದ್ದು ದಪ್ಪವಾಗಿ ಮೋಟರ್ ಒಂದು ಉಸಿರು ಕಡಿಮೆಯಾದ ಹಾಗೆ ಆಗುತ್ತದೆ. ಅದು ಕಚ್ಚಿದ ಗುರುತು. ಆಗ ಕಾಲು ಪೆಡಲ್ ಮೇಲೇ ಇರಲಿ, ಕೈ ಬಿಟ್ಟು ಮೈಯನ್ನು ಹಿಂದಕ್ಕೆ ಸರಿಸಿ. ಉಳಿದದ್ದನ್ನು ಸ್ಕ್ರೂ ನೋಡಿಕೊಳ್ಳುತ್ತದೆ. ವಿಡಿಯೋಗಳಲ್ಲಿ ಕೊನೆಯವರೆಗೂ ಹಿಡಿದೇ ಇರುತ್ತಾರೆ. ಅವರ ಪುಣ್ಯ.

ತುಂಬ ದಪ್ಪದ ದಿಮ್ಮಿಯಾದರೆ ನಡುವಿಗೆ ಕೊಡಬೇಡಿ, ಅಂಚಿನಿಂದ ಹೋಳು ಹೋಳಾಗಿ ಬಿಡಿಸಿಕೊಳ್ಳುತ್ತ ಬನ್ನಿ. ಚಿಕ್ಕ ಚೂರುಗಳನ್ನು ಇನ್ನೂ ಚಿಕ್ಕದು ಮಾಡುವ ಆಸೆ ಬಿಡಿ, ಅದು ಕತ್ತಿಯ ಕೆಲಸ. ಕೋನ್ ಕಚ್ಚದೆ ಹೊಗೆ ಬರುತ್ತಿದ್ದರೆ ತುದಿ ಮೊಂಡಾಗಿದೆ, ಇಲ್ಲವೇ ತ್ರೀ ಫೇಸ್ ಮೋಟರ್‌ನ ಎರಡು ವೈರ್ ಅದಲುಬದಲಾಗಿ ಉಲ್ಟಾ ತಿರುಗುತ್ತಿದೆ. ಜೋರಾಗಿ ಒತ್ತಿ ಸರಿ ಮಾಡಲು ಹೋಗಬೇಡಿ.

ಮರ ಸಿಕ್ಕಿಹಾಕಿಕೊಂಡರೆ

ಸಿಕ್ಕಿಕೊಳ್ಳುವುದು ಮಾಮೂಲು. ಪೆಡಲ್‌ನಿಂದ ಕಾಲು ತೆಗೆಯಿರಿ, ಕೋನ್ ನಿಲ್ಲಲಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಆಮೇಲೆ ದೊಡ್ಡ ಪುಲ್ಲಿಯನ್ನು ಕೈಯಲ್ಲಿ ಉಲ್ಟಾ ತಿರುಗಿಸಿ, ಸ್ಕ್ರೂ ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಬರಲಿಲ್ಲವಾ? ಬಿರುಕಿಗೆ ಒಂದು ಬೆಣೆ ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಹಾಕಿ. ಓಡುತ್ತಿರುವ ಕೋನ್‌ನಿಂದ ಜೋತಾಡುವ ನಾರನ್ನು "ಒಂದೇ ಸಲ ಎಳೆದುಬಿಡ್ತೀನಿ" ಅಂತ ಹೋಗುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಎಷ್ಟು ಎಚ್ಚರ ಇರುವವರಿಗೂ ಅಲ್ಲಿ ಕೈ ತಾನಾಗಿ ಹೋಗುತ್ತದೆ. ನನ್ನ ಕೈಯೂ ಹೋಗಿದೆ.

ಕೈ ಸಿಕ್ಕರೆ

ಮೊದಲು ಕರೆಂಟು ತೆಗೆಯಿರಿ. ಎಳೆಯಬೇಡಿ, ಮೋಟರನ್ನು ಉಲ್ಟಾ ಓಡಿಸಬೇಡಿ. ಬೆಲ್ಟ್ ಬಿಚ್ಚಿ ಕೈಯಲ್ಲಿ ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿ. ರಕ್ತ ಬರುವ ಜಾಗಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿ, 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಪಾತ್ರೆಯಲ್ಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು. ಅರಿಶಿನ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ.

ಸಂಜೆ

ಸುಸ್ತಾದ ಮೇಲೆ "ಇನ್ನು ನಾಲ್ಕೇ ದಿಮ್ಮಿ" ಅನ್ನುವ ಹೊತ್ತಿಗೆ ನಿಲ್ಲಿಸಿಬಿಡಿ. ಥ್ರೆಡ್‌ನಲ್ಲಿ ಕೂತ ನಾರು, ಅಂಟನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಒಂದು ಹನಿ ಎಣ್ಣೆ ಸವರಿ. ತುದಿ ಮೊಂಡಾಗಿದ್ದರೆ ಫೈಲ್ ಹಿಡಿದು ಮೊದಲ ಎರಡು ಸುತ್ತಿನ ಥ್ರೆಡ್ ಚೂಪು ಮಾಡಿ, ಬೇರಿಂಗ್‌ಗೆ ಗ್ರೀಸ್ ಕೊಡಿ. ಪ್ಲಗ್ ಕಿತ್ತು ಮನೆಯೊಳಗೆ ಬೀಗ ಹಾಕಿಡುವಂಥ ವೈರ್ ಆದರೆ ಇನ್ನೂ ಒಳ್ಳೆಯದು, ರಜೆಗೆ ಬಂದ ಮಕ್ಕಳಿಗೆ ತಿರುಗುವ ವಸ್ತು ಅಂದ್ರೆ ಬಲು ಕುತೂಹಲ. ಕೋನ್ ನಿಂತಿದ್ದಾಗಲೂ ತುದಿ ಚೂಪೇ ಇರುತ್ತದೆ, ಕತ್ತಲಲ್ಲಿ ಕೊಟ್ಟಿಗೆಗೆ ಹೋದವರ ತೊಡೆಗೆ ಚುಚ್ಚುವ ಎತ್ತರದಲ್ಲೇ. ನಮ್ಮಲ್ಲಿ ಅದರ ಮೇಲೆ ಒಂದು ಅಡಿಯ ನಾಲ್ಕಿಂಚು ಪಿವಿಸಿ ಪೈಪ್ ತುಂಡು ಕವಚದ ಹಾಗೆ ತೂರಿಸಿಟ್ಟಿರುತ್ತೇವೆ, ಅದಕ್ಕೆ ಕೆಂಪು ಬಣ್ಣ ಬಳಿದಿದ್ದೇವೆ.